ಜಾಹೀರಾತಿನ ಕೆಳಗೆ ಬಿಲ್ಲನ್ನೂ ಹಾಕಿ

ಬೆಳಗ್ಗೆ ಪೇಪರ್ ಬಿಡಿಸಿದರೆ ಮುಖಪುಟದಲ್ಲಿ ಸುದ್ದಿಯೇ ಇರುವುದಿಲ್ಲ, ಬರೀ ಸರ್ಕಾರದ ಜಾಹೀರಾತು. ಮುಖ್ಯಮಂತ್ರಿ, ಉಪಮುಖ್ಯಮಂತ್ರಿ, ಖಾತೆಯ ಸಚಿವರು, ಕೆಳಗೆ ಸ್ಟಾಂಪ್ ಸೈಜಿನಲ್ಲಿ ಸಾಲಾಗಿ ಮಿಕ್ಕವರು. ಹಿಂದಿನ ಸರ್ಕಾರದಲ್ಲೂ ಇದೇ ಇತ್ತು, ಮುಖಗಳು ಬೇರೆ ಅಷ್ಟೆ. ಕೇಂದ್ರದ್ದಾದರೆ ಒಂದೇ ಮುಖ, ಪೆಟ್ರೋಲ್ ಬಂಕಿನಿಂದ ಕೋವಿಡ್ ಕಾಲದ ಲಸಿಕೆಯ ಸರ್ಟಿಫಿಕೇಟಿನವರೆಗೆ.

ಪಕ್ಷದ ಜಾಹೀರಾತಿನ ಬಗ್ಗೆ ನನಗೆ ತಕರಾರಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಕಾಂಗ್ರೆಸ್ ಆಗಿನ ಬಿಜೆಪಿ ಸರ್ಕಾರದ ವಿರುದ್ಧ ಪೇಪರುಗಳಲ್ಲಿ ‘ಭ್ರಷ್ಟಾಚಾರದ ದರಪಟ್ಟಿ’ ಹಾಕಿಸಿತು. ಬಿಜೆಪಿ ಚುನಾವಣಾ ಆಯೋಗಕ್ಕೆ ದೂರು ಕೊಟ್ಟಿತು, ಮಾನನಷ್ಟದ ಕೇಸೂ ಹಾಕಿತು. ಮರುವರ್ಷ ಜೂನ್‌ನಲ್ಲಿ ರಾಹುಲ್ ಗಾಂಧಿ ಬೆಂಗಳೂರಿನ ಕೋರ್ಟಿಗೆ ಬಂದು ಜಾಮೀನು ತಗೊಂಡು ಹೋದರು. ಅವರ ದುಡ್ಡು, ಅವರ ಜಗಳ. ಸರ್ಕಾರದ ಜಾಹೀರಾತು ಹಾಗಲ್ಲ. ಅದರ ದುಡ್ಡು ನನ್ನದು, ನಿಮ್ಮದು. ಹೊಗಳಿಕೆ ಮಾತ್ರ ಅವರದು.

ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಲು ನೋಡಿತ್ತು. ಮಾರ್ಗಸೂಚಿ ಬರೆಯಲು ಎನ್. ಆರ್. ಮಾಧವ ಮೆನನ್ ಅವರಿದ್ದ ಸಮಿತಿ ಮಾಡಿತು. ನಮ್ಮ ನಾಗರಬಾವಿಯ ಲಾ ಸ್ಕೂಲನ್ನು ಕಟ್ಟಿದವರೇ ಅವರು. 2015ರ ಮೇ ತಿಂಗಳಲ್ಲಿ ತೀರ್ಪು ಬಂತು: ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ, ಈ ಮೂವರ ಫೋಟೋ ಬಿಟ್ಟು ಬೇರೆ ಯಾರದ್ದೂ ಬೇಡ. ರಾಜ್ಯಗಳು ಸುಮ್ಮನಿರುತ್ತವೆಯೇ? ಮರುಪರಿಶೀಲನೆಗೆ ಹೋದವು. 2016ರ ಮಾರ್ಚ್‌ನಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿ, ಸಚಿವರು ಎಲ್ಲರ ಫೋಟೋಗೂ ಅನುಮತಿ ಸಿಕ್ಕಿತು. ಪ್ರಧಾನಿಯ ಮುಖಕ್ಕೆ ಅವಕಾಶ ಕೊಟ್ಟು ಮುಖ್ಯಮಂತ್ರಿಯದನ್ನು ತಡೆಯುವುದು ನ್ಯಾಯವೂ ಆಗಿರಲಿಲ್ಲ ಅನ್ನಿ. ಎರಡನ್ನೂ ತಡೆಯಬಹುದಿತ್ತು.

ನನಗೆ ಬೇಸರ ಇನ್ನೊಂದು ಕಡೆ. ಈ ಖರ್ಚಿಗೆ ಪ್ರತ್ಯೇಕವಾಗಿ ವಿಶೇಷ ಆಡಿಟ್ ಆಗಲಿ ಎಂದು ಸಮಿತಿ ಹೇಳಿತ್ತು, ಕೋರ್ಟ್ ಒಪ್ಪಲಿಲ್ಲ. ಅದಾಗಿದ್ದರೆ ದೆಹಲಿಯ ಕಥೆ ಇಷ್ಟು ತಡವಾಗಿ ಹೊರಬರುತ್ತಿರಲಿಲ್ಲವೇನೋ. ವೇಗದ ರೈಲು ಯೋಜನೆಗೆ ತನ್ನ ಪಾಲಿನ 415 ಕೋಟಿ ಕೊಡಲು ದುಡ್ಡಿಲ್ಲ ಎಂದಿತು ಅಲ್ಲಿ ಆಗಿದ್ದ ಆಪ್ ಸರ್ಕಾರ. ಹಾಗಾದರೆ ಜಾಹೀರಾತಿಗೆ ಎಷ್ಟು ಖರ್ಚು ಮಾಡಿದ್ದೀರಿ ಹೇಳಿ ಎಂದು 2023ರ ಜುಲೈನಲ್ಲಿ ಕೋರ್ಟೇ ಕೇಳಿತು. ಉತ್ತರ: ಮೂರು ವರ್ಷದಲ್ಲಿ ಸಾವಿರ ಕೋಟಿಗೂ ಮೇಲೆ.

ಟಿವಿಯಲ್ಲಂತೂ ಜಾಹೀರಾತು ಯಾವುದು, ಸುದ್ದಿ ಯಾವುದು ಗೊತ್ತೇ ಆಗುವುದಿಲ್ಲ. ಗಂಟೆಗೆ 12 ನಿಮಿಷ ಮೀರಬಾರದು ಅಂತ ಕೇಬಲ್ ಟಿವಿ ನಿಯಮವಿದೆ. ಅದನ್ನು ಬಿಗಿಮಾಡಲು ಟೆಲಿಕಾಂ, ಟಿವಿ ಪ್ರಸಾರದ ನಿಯಂತ್ರಣ ಸಂಸ್ಥೆ ಟ್ರಾಯ್ ಹೊರಟಾಗ ಚಾನೆಲ್‌ನವರು ಕೋರ್ಟಿಗೆ ಹೋದರು. ಆ ಲೆಕ್ಕ ಹಾಳಾಗಿ ಹೋಗಲಿ. ಆಂಕರ್ ಪಕ್ಕದಲ್ಲಿ ಸಚಿವರು ಕೂತಿರುತ್ತಾರೆ, ‘ಇಷ್ಟೊಂದು ಕೆಲಸ ಹೇಗೆ ಮಾಡ್ತೀರಾ ಸಾರ್’ ಅನ್ನುವಂಥ ಪ್ರಶ್ನೆಗಳು, ಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ‘ಪ್ರಾಯೋಜಿತ’. ಅದೇ ಆಂಕರ್ ರಾತ್ರಿ ಒಂಬತ್ತಕ್ಕೆ ಯಾರ ಮೇಲೆ ಕೂಗಾಡುತ್ತಾರೆ, ಯಾರ ಮೇಲೆ ಕೂಗಾಡುವುದಿಲ್ಲ, ಗಮನಿಸಿ ನೋಡಿ.

ಸರ್ಕಾರದ ಜಾಹೀರಾತೇ ಬೇಡ ಎನ್ನುವುದಿಲ್ಲ. ಡೆಂಗಿ ಬಂದಾಗ ಬೇಕು, ವಿದ್ಯಾರ್ಥಿವೇತನಕ್ಕೆ ಕೊನೇ ದಿನಾಂಕ ಹೇಳಲು ಬೇಕು. ಜಿಲ್ಲೆಯ ಸಣ್ಣ ಪತ್ರಿಕೆಗಳು ಉಸಿರಾಡುವುದೇ ಇದರಿಂದ, ಅದೂ ಗೊತ್ತು. ಆದರೆ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಹೆಣ್ಮಕ್ಕಳಿಗೆ ಬಸ್ ಫ್ರೀ ಅಂತ ಈಗಲೂ ಪುಟಗಟ್ಟಲೆ ಹೇಳಬೇಕಾ? ಸೀಟು ಸಿಗದೆ ನಿಂತುಕೊಂಡು ಹೋಗುವ ಗಂಡಸರಿಗೂ ಗೊತ್ತಿರುವ ವಿಷಯ ಅದು.

ನಾನು ಕೇಳುವುದು ಇಷ್ಟೇ. ಔಷಧಿ ಪೊಟ್ಟಣದ ಮೇಲೆ ಬೆಲೆ ಅಚ್ಚುಹಾಕುವ ಹಾಗೆ ಪ್ರತಿ ಸರ್ಕಾರಿ ಜಾಹೀರಾತಿನ ಕೆಳಗೂ ಒಂದು ಸಾಲು ಇರಲಿ: ಇಂಥ ಪತ್ರಿಕೆಗೆ ಕೊಟ್ಟದ್ದು ಇಷ್ಟು ರೂಪಾಯಿ. ಟಿವಿಯಲ್ಲಾದರೆ ಕೊನೆಯ ಐದು ಸೆಕೆಂಡು ಅದನ್ನೇ ತೋರಿಸಿ. ವಾರ್ತಾ ಇಲಾಖೆಯಲ್ಲಿ ಲೆಕ್ಕ ಇದ್ದೇ ಇರುತ್ತದೆ, ಅಚ್ಚುಹಾಕಲು ಹೆಚ್ಚಿಗೆ ಖರ್ಚಿಲ್ಲ.

ಇದನ್ನು ಸದನದಲ್ಲಿ ಕೇಳಬೇಕಾದವರು ವಿರೋಧ ಪಕ್ಷದವರು. ಈಗಿನವರು ಕೇಳಲಿ. ಕೇಳುವ ಮುಂಚೆ, ಮುಂದೆ ನಾವು ಬಂದಾಗಲೂ ಹಾಕುತ್ತೇವೆ ಅಂತ ಬರೆದುಕೊಡಲಿ.