ತೂಕದ ಚೀಟಿ ಬರೀ ಮಗುವಿನದಲ್ಲ

ಮಕ್ಕಳ ಬೊಜ್ಜಿನ ಬಗ್ಗೆ ಶಾಲೆಗಳು ಈಗ ಮಾತಾಡುತ್ತಿರುವುದು ಒಳ್ಳೆಯದೇ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ ‘ಶುಗರ್ ಬೋರ್ಡ್’ ಹಾಕಲು ಹೇಳಿತು. ಯಾವ ಜ್ಯೂಸಿನಲ್ಲಿ, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಇದೆ ಎಂದು ತೋರಿಸುವ ಬೋರ್ಡ್. ಒಂದು ಸಣ್ಣ ಬಾಟಲಿ ಕೋಲಾದಲ್ಲಿ ಏಳೆಂಟು ಚಮಚ ಸಕ್ಕರೆ ಇದೆ ಅಂತ ಮಗುವೇ ಮನೆಗೆ ಬಂದು ಹೇಳಿದರೆ ದೊಡ್ಡವರೂ ಕಿವಿ ಕೊಡುತ್ತಾರೆ.

ನನ್ನ ತಕರಾರು ತೂಕದ ಚೀಟಿಯದು. ಕೆಲವು ಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಗುತ್ತಾರೆ. ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂಬ ಲೆಕ್ಕ) ಬರೆದು, ‘ಓವರ್‌ವೇಟ್’ ಅಂತ ಗುರುತು ಹಾಕಿ ಚೀಟಿಯನ್ನು ಮಗುವಿನ ಕೈಗೇ ಕೊಡುತ್ತಾರೆ. ಬಸ್ಸಿನಲ್ಲಿ ಆ ಚೀಟಿ ಹತ್ತು ಕೈ ದಾಟುತ್ತದೆ.

ಮಂಗಳೂರಿನ ಕಾವೂರು ಕಡೆಯ ಪರಿಚಯದ ಮನೆಯೊಂದಕ್ಕೆ ಇಂಥ ಚೀಟಿ ಬಂತು. ಅವತ್ತು ಸಂಜೆಯೇ ಹುಡುಗಿಯ ತಟ್ಟೆಗೆ ಒಂದೇ ಬನ್ಸ್. ಪಕ್ಕದಲ್ಲಿ ಅಣ್ಣನಿಗೆ ಮೂರು, ಜೊತೆಗೆ ಚಹಾ. ಅಜ್ಜಿಗೆ ಸಿಟ್ಟು: ‘ಬೆಳೆಯುವ ಮಗುವಿಗೆ ಯಾರ ದೃಷ್ಟಿ ತಾಗಿತೋ!’ ದುಬೈಯಲ್ಲಿರುವ ಅಪ್ಪ ವಿಡಿಯೋ ಕಾಲ್‌ನಲ್ಲಿ ಬೈದದ್ದು ಅಮ್ಮನಿಗೆ. ರಜೆಗೆ ಬರುವಾಗ ಸೂಟ್‌ಕೇಸ್ ತುಂಬ ಚಾಕೊಲೇಟ್ ತರುವವರು ಅವರೇ ಅಲ್ವಾ? ಹುಡುಗಿ ಏನೂ ಹೇಳಲಿಲ್ಲ. ಆದರೆ ಕ್ಲಾಸಿನಲ್ಲಿ ಎಲ್ಲರ ಎದುರು ಟಿಫಿನ್ ಬಿಚ್ಚುವುದನ್ನೇ ಬಿಟ್ಟಳು. ಮದುವೆ ಮನೆಯಲ್ಲಿ ‘ಡುಮ್ಮಿ’ ಅಂತ ಕೆನ್ನೆ ಹಿಂಡುವವರು ಬೇರೆ.

ಮಗು ಮನೆಯ ರೇಷನ್ ತರುವುದಿಲ್ಲ. ಎಣ್ಣೆ, ಬೇಕರಿ ಪೊಟ್ಟಣ, ಭಾನುವಾರದ ಗಡ್‌ಬಡ್ ಐಸ್‌ಕ್ರೀಮ್, ರಾತ್ರಿ ಹತ್ತರ ಊಟ, ಇದೆಲ್ಲ ದೊಡ್ಡವರ ತೀರ್ಮಾನ. ಹಾಗಿರುವಾಗ ಬದಲಾಗಬೇಕಾದ್ದು ಇಡೀ ಮನೆ, ಮನೆಯ ಹೊರಗಿನ ಬೀದಿ.

ಇದು ನನ್ನ ಊಹೆಯಲ್ಲ. ಅಮೆರಿಕದ ಬೋಸ್ಟನ್ ಪಕ್ಕದ ಸಾಮರ್‌ವಿಲ್ ಎಂಬ ಊರಿನಲ್ಲಿ 2002ರ ಹೊತ್ತಿಗೆ ಟಫ್ಟ್ಸ್ ವಿಶ್ವವಿದ್ಯಾಲಯದವರು ಒಂದು ಕೆಲಸ ಶುರು ಮಾಡಿದರು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗಾಗಿ. ಶಾಲೆಯ ಊಟ ಬದಲಾಯಿತು. ಮಕ್ಕಳು ನಡೆದು ಬರುವ ದಾರಿ ಸುರಕ್ಷಿತವಾಯಿತು. ಹೋಟೆಲಿನವರನ್ನೂ ನಗರಸಭೆಯನ್ನೂ ಜೊತೆಗೆ ಸೇರಿಸಿಕೊಂಡರು. ಅಂಥದ್ದೇ ಬೇರೆ ಊರುಗಳಿಗೆ ಹೋಲಿಸಿದರೆ ಅಲ್ಲಿನ ಮಕ್ಕಳ ತೂಕ ಏರುವುದು ಕಡಿಮೆಯಾಯಿತು. 2015ರಲ್ಲಿ ಬಂದ ಅಧ್ಯಯನ ನನಗೆ ಇನ್ನೂ ಮುಖ್ಯ: ಆ ಬೇರೆ ಊರುಗಳಿಗೆ ಹೋಲಿಸಿದರೆ ಆ ಮಕ್ಕಳ ಅಪ್ಪ ಅಮ್ಮಂದಿರ ಬಿಎಂಐ ಕೂಡ ಸ್ವಲ್ಪ ಇಳಿದಿತ್ತು. ಕೆಲಸ ಶುರುವಾದದ್ದು ಅವರಿಗಾಗಿ ಅಲ್ಲ, ಮಕ್ಕಳಿಗಾಗಿ. ಶುಗರ್, ಬಿಪಿ ಮಾತ್ರೆ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಎಷ್ಟಿದೆ ಹೇಳಿ. ಮಗುವಿಗಾಗಿ ಶುರು ಮಾಡಿದ್ದು ಅಜ್ಜನಿಗೂ ಒಳ್ಳೆಯದು ಮಾಡುತ್ತದೆ ಎಂದರೆ ಯಾಕೆ ಬೇಡ?

ಇನ್ನು ಬೀದಿ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿ ಮಾರುವಂತಿಲ್ಲ ಎಂದು 2020ರಲ್ಲೇ ನಿಯಮ ಬಂದಿದೆ. ಸಂಜೆ ಯಾವುದಾದರೂ ಗೇಟಿನ ಎದುರು ನಿಂತು ನೋಡಿ. ಆಟದ ಕಥೆಯೂ ಅಷ್ಟೇ. ದಿನಕ್ಕೆ ಒಂದು ಗಂಟೆ ಮೈ ಬೆವರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಉಳಿದ ತಿಂಗಳು ಗ್ರೌಂಡಿನಲ್ಲಿ ಬಸ್ಸು, ಕಾರು. ಒಂದು ಕಿಲೋಮೀಟರ್ ದೂರದ ಮಗು ಕೂಡ ವ್ಯಾನ್ ಹತ್ತುತ್ತದೆ, ಯಾಕೆಂದರೆ ಫುಟ್‌ಪಾತ್ ಇಲ್ಲ. ಗಂಜಿ, ಬಸಳೆ, ಬೂತಾಯಿ ಮೀನಿಗೆ ವಾಪಸ್ ಹೋಗಿ ಅಂತ ಸಲಹೆ ಕೊಡುವುದು ಸುಲಭ. ಏಳೂಕಾಲಿಗೆ ವ್ಯಾನ್ ಬರುವ ಮನೆಯಲ್ಲಿ ಅದನ್ನು ಮಾಡಲು ಒಬ್ಬಳೇ ಅಮ್ಮನಿಂದ ಆಗದು. ಮನೆಯವರೆಲ್ಲ ಕೈಹಾಕಬೇಕು.

ಮುಂದಿನ ಪೋಷಕರ ಸಭೆಯಲ್ಲಿ ನಾನು ಇಷ್ಟು ಕೇಳುತ್ತೇನೆ. ತೂಕದ ಚೀಟಿಯನ್ನು ಮುಚ್ಚಿದ ಕವರಿನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕರೆದು ಕೊಡಿ, ಆಗುವುದಾದರೆ ಅಜ್ಜಿಯನ್ನೂ ಕರೆಯಿರಿ. ಮಳೆಗಾಲದಲ್ಲಿ ಸಭಾಂಗಣದ ಬೀಗ ತೆಗೆದು ಮಕ್ಕಳನ್ನು ಆಡಲು ಬಿಡಿ. ಪಿಟಿ ಪೀರಿಯಡ್ ಅನ್ನು ಗಣಿತಕ್ಕೆ ಕೊಡಬೇಡಿ.