ಹಾಲುಕ್ಕಿಸಿದ ದಿನದ ಫೋಟೋ ಮತ್ತು ಒಂದೂವರೆ ಲಕ್ಷ ಅಡ್ವಾನ್ಸ್

ಮನೆ ಖಾಲಿ ಮಾಡುವ ದಿನ ಓನರ್ ಅಂಕಲ್ ಕೈಯಲ್ಲಿ ಒಂದು ಚೀಟಿ ಇತ್ತು. ಮೊಮ್ಮಗನ ಲೆಕ್ಕದ ನೋಟ್‌ಬುಕ್ಕಿನಿಂದ ಹರಿದ ಚೌಕದ ಹಾಳೆ. ಪೇಂಟಿಂಗ್ 22,000. ಬಾತ್‌ರೂಮ್ ಬಾಗಿಲು 6,000. ಗೀಸರ್ 9,500. ಅಡುಗೆ ಕಟ್ಟೆ ಗ್ರಾನೈಟ್ 15,000. ಕ್ಲೀನಿಂಗ್ 3,000. ಕೆಳಗೆ ಎರಡು ಗೆರೆ ಎಳೆದು, ಒಟ್ಟು 55,500. ಕೆಳಗಡೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ, ಹೆಂಡತಿ ಕೊನೇ ಬಕೆಟ್ಟಿನೊಳಗೆ ದೇವರ ಫೋಟೋಗಳನ್ನು ಟವೆಲ್ಲಲ್ಲಿ ಸುತ್ತಿ ಇಡುತ್ತಿದ್ದಳು, ನಾನು ಖಾಲಿ ಹಾಲ್‌ನಲ್ಲಿ ಆ ಚೀಟಿ ಹಿಡಿದು ನಿಂತಿದ್ದೆ.

ವಿಜಯನಗರದ ಆ ಮನೆಯಲ್ಲಿ ನಾಲ್ಕು ವರ್ಷ ಇದ್ದೆವು. ಒಂದು ತಿಂಗಳೂ ಬಾಡಿಗೆ ತಡ ಮಾಡಿರಲಿಲ್ಲ. ಅಡ್ವಾನ್ಸ್ ಒಂದೂವರೆ ಲಕ್ಷ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮುರಿದುಕೊಳ್ಳುತ್ತೇನೆ ಅಂದರೆ ಯಾರಿಗಾದರೂ ಉರಿಯುತ್ತೆ ಅಲ್ವಾ? ನನಗೂ ಉರಿಯಿತು. ಬಾಯಿಗೆ ಬಂದಿದ್ದು ಅಂದೂಬಿಟ್ಟೆ. ಅವರೂ ಅಂದರು. ಕೊನೆಗೆ "ಭಾನುವಾರ ಬನ್ನಿ, ಕೂತು ಮಾತಾಡೋಣ" ಅಂತ ಮುಗಿಯಿತು.

ಮುಂದೆ ಹೇಳುವ ಮುಂಚೆ ಒಂದು ವಿಷಯ. ನಾನು ಬೆಂಗಳೂರಲ್ಲಿ ಬಾಡಿಗೆಯವನು, ಹಾಸನದಲ್ಲಿ ಓನರ್ ಮಗ. ರಿಟೈರ್ ಆದಾಗ ಬಂದ ದುಡ್ಡಲ್ಲಿ ಅಪ್ಪ ಮನೆ ಕಟ್ಟಿಸಿದರು, ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದ್ದಾರೆ. ಹಾಗಾಗಿ ಓನರ್‌ಗಳೆಲ್ಲ ರಾಕ್ಷಸರು ಅಂತಲೋ, ಬಾಡಿಗೆಯವರೆಲ್ಲ ಮನೆ ಹಾಳು ಮಾಡುವವರು ಅಂತಲೋ ಬರೆಯೋಕೆ ನನಗೆ ಬಾಯಿ ಬರಲ್ಲ. ಹೋದ ವರ್ಷ ಮೇಲಿನ ಮನೆಯವರು ಎಂಟು ವರ್ಷ ಇದ್ದು ಖಾಲಿ ಮಾಡಿದಾಗ ಅಪ್ಪ 40,000 ಹಿಡಿದುಕೊಳ್ಳುತ್ತೇನೆ ಅಂತ ಕೂತಿದ್ದರು. ನಾನು ಫೋನಲ್ಲಿ, ಎಂಟು ವರ್ಷದಲ್ಲಿ ನಮ್ಮ ಕೆಳಗಿನ ಮನೆ ಗೋಡೆಯೇ ಹೇಗಾಗಿದೆ ನೋಡಿ ಅಂದೆ. ಅಪ್ಪ ಹೇಳಿದ್ದು ಇಷ್ಟೇ: "ಲೋ, ಆ ಗೋಡೆಗೆ ಕ್ಯೂರಿಂಗ್ ನೀರು ಹಾಕಿದ್ದು ನಾನು. ಬೆಳಗ್ಗೆ ಸಂಜೆ, ಪೈಪ್ ಹಿಡ್ಕೊಂಡು. ನಿಂಗೇನು ಗೊತ್ತು?" ಈ ಮಾತಿಗೆ ಉತ್ತರ ಇಲ್ಲ. ನಮಗೆ ಗೋಡೆ ಮೇಲಿನ ಮೊಳೆ ತೂತು ಕಾಣುತ್ತೆ. ಅವರಿಗೆ ತಮ್ಮ ಮೈಮೇಲೇ ತೂತು ಕೊರೆದ ಹಾಗೆ ಆಗುತ್ತೆ.

ಆದರೆ ಸಂಕಟ ಬೇರೆ, ಲೆಕ್ಕ ಬೇರೆ. ಅಪ್ಪನಿಗೂ ಅದನ್ನೇ ಹೇಳಿದೆ.

ಈ ಲೆಕ್ಕಕ್ಕೆ ಒಂದು ಹಳೇ ಕಾನೂನು ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಕಲಂ ಏನು ಹೇಳುತ್ತೆ ಅಂದರೆ, ಬಾಡಿಗೆಯವನು ಮನೆಯನ್ನು ತಗೊಂಡಾಗ ಹೇಗಿತ್ತೋ ಹಾಗೇ ವಾಪಸ್ ಕೊಡಬೇಕು, ಆದರೆ ಸಾಮಾನ್ಯವಾಗಿ ಬಳಸಿ ಸವೆದಿದ್ದು ಅವನ ತಲೆಗೆ ಬರಲ್ಲ. ಬೆಂಗಳೂರಲ್ಲಿ ಬಹಳ ಮನೆಗಳಿಗೆ ಈ ಕಾನೂನೇ ಗತಿ. ಯಾಕೆಂದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅಂತ ಒಂದು ಇದ್ದರೂ, ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಅದು ಅನ್ವಯಿಸಲ್ಲ. 3,500ಕ್ಕೆ ಇವತ್ತು ಪೀಜಿಯಲ್ಲಿ ಒಂದು ಮಂಚ ಸಿಕ್ಕಿದರೆ ಪುಣ್ಯ.

ಸವೆತ ಅಂದರೆ ಏನು, ಹಾನಿ ಅಂದರೆ ಏನು? ಜಗಳವೆಲ್ಲ ಇಲ್ಲೇ. ನಾನು ಇಟ್ಟುಕೊಂಡಿರುವ ಲೆಕ್ಕ ಇದು: ಮನೆಯಲ್ಲಿ ಸುಮ್ನೆ ಬದುಕಿದ್ದರಿಂದ ಆಗಿದ್ದು ಸವೆತ. ದಿವಾನದ ಮೇಲೆ ಕೂತು ಗೋಡೆಗೆ ಒರಗಿ ಟಿವಿ ನೋಡಿದರೆ ತಲೆ ಎಣ್ಣೆಯ ಒಂದು ದುಂಡನೆ ಕಲೆ ಬೀಳುತ್ತೆ, ಅದು ಸವೆತ. ಬೋರ್‌ವೆಲ್ ಗಡಸು ನೀರಿಗೆ ನಲ್ಲಿ ಮೂತಿಯಲ್ಲಿ ಬಿಳಿ ಉಪ್ಪು ಕಟ್ಟುವುದು ಸವೆತ. ಮಗು ಇಡೀ ಗೋಡೆಗೆ ಕ್ರೇಯಾನಲ್ಲಿ ಆನೆ ಬರೆದಿದ್ದರೆ ಅದು ಹಾನಿ, ಆನೆ ಎಷ್ಟೇ ಚೆನ್ನಾಗಿರಲಿ. ಕೇಳದೆ ಎಸಿಗೆ ಗೋಡೆ ಒಡೆದು ತೂತು ಮಾಡಿ, ಹೋಗುವಾಗ ಎಸಿ ಬಿಚ್ಚಿಕೊಂಡು ತೂತು ಹಾಗೇ ಬಿಟ್ಟು ಹೋದರೆ ಅದೂ ಹಾನಿ. ನಮ್ಮ ಹಾಸನದ ಮನೆಯಲ್ಲಿ ಆಗಿದ್ದು ಇದೇ, ಅದಕ್ಕೆ ಅಪ್ಪ ದುಡ್ಡು ಹಿಡಿದಿದ್ದು ನ್ಯಾಯ.

ಈಗ ಪೇಂಟಿಂಗ್. ಬೆಂಗಳೂರಲ್ಲಿ ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಅಂತ ಮುರಿಯುವುದು ವಾಡಿಕೆ. ಹನ್ನೊಂದು ತಿಂಗಳ ಅಗ್ರಿಮೆಂಟಲ್ಲಿ ಬರೆದೂ ಇರುತ್ತೆ. (ಹನ್ನೊಂದೇ ಯಾಕೆ ಅಂದರೆ ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು, ಅದರ ಖರ್ಚು ತಲೆನೋವು ಯಾರಿಗೂ ಬೇಡ.) ಸಹಿ ಹಾಕಿದ ಮೇಲೆ ಅದನ್ನು ಕೊಡಲ್ಲ ಅಂತ ಕೂಗಾಡುವುದರಲ್ಲಿ ಅರ್ಥ ಇಲ್ಲ. ಆದರೆ ಒಂದು ಮಾತು. ಪೇಂಟಿಂಗ್ ದುಡ್ಡು ಅಂದರೇನೇ ಸವೆತದ ದುಡ್ಡು. ಅದನ್ನು ತಗೊಂಡ ಮೇಲೆ ಗೋಡೆ ಕಲೆಗೆ ಬೇರೆ, ಮೊಳೆ ತೂತಿಗೆ ಬೇರೆ, ಕ್ಲೀನಿಂಗಿಗೆ ಬೇರೆ ಅಂತ ಹಾಕಿದರೆ ಒಂದೇ ಸೀರೆಗೆ ಎರಡು ಸಲ ಬಿಲ್ ಮಾಡಿದ ಹಾಗೆ.

ಭಾನುವಾರ ಹೋದೆ. ಆಂಟಿ ಕಾಫಿ ಕೊಟ್ಟರು. ಬೈದಾಡಿಕೊಂಡವರ ಮನೆಯಲ್ಲಿ ಕಾಫಿ ಕುಡಿಯುವುದು ಎಂಥಾ ಕಷ್ಟ ಗೊತ್ತಾ?

ಮೊದಲು ಗ್ರಾನೈಟ್. ಸಿಂಕ್ ಪಕ್ಕದಿಂದ ಮೂಲೆವರೆಗೆ ಒಂದು ಬಿರುಕು. ನಾನು ಧೈರ್ಯವಾಗಿ, ನಾವು ಬಂದಾಗಲೇ ಇತ್ತು ಅಂಕಲ್ ಅಂದೆ. ನಿಜವಾಗಲೂ ಹಾಗೇ ನಂಬಿದ್ದೆ. ಅವರು ಇರಲಿಲ್ಲ ಅಂದರು. ಇದ್ದಿದ್ದಕ್ಕೂ ಇರದೇ ಇದ್ದಿದ್ದಕ್ಕೂ ಸಾಕ್ಷಿ ಇಲ್ಲ. ಆಗ ಹೆಂಡತಿ ಮೊಬೈಲಲ್ಲಿ ಹುಡುಕಿ ಒಂದು ಫೋಟೋ ತೆಗೆದಳು. 2020ರಲ್ಲಿ ಆ ಮನೆಗೆ ಹೋದ ದಿನ ಹಾಲುಕ್ಕಿಸಿದ ಫೋಟೋ. ಒಲೆ ಮೇಲೆ ಹೊಸ ಪಾತ್ರೆ, ಅರಿಶಿನ ಕುಂಕುಮ, ಉಕ್ಕಿದ ಹಾಲು ಕಟ್ಟೆ ಮೇಲೆ ಹರಿದು ಸಿಂಕ್ ಕಡೆ ಹೋಗಿದೆ. ದೊಡ್ಡದು ಮಾಡಿ ನೋಡಿದೆವು. ಕಟ್ಟೆ ಕನ್ನಡಿ ಥರ ಇತ್ತು. ಒಂದು ಗೀರೂ ಇಲ್ಲ. ನಾಲ್ಕು ವರ್ಷ ಅದೇ ಜಾಗದಲ್ಲಿ ಕುಟ್ಟಾಣಿ ಇಟ್ಟು ಶುಂಠಿ ಏಲಕ್ಕಿ ಕುಟ್ಟಿದ್ದು ನಾನೇ. ಟೀ ನನ್ನ ಡಿಪಾರ್ಟ್‌ಮೆಂಟು.

ಒಪ್ಪಿಕೊಂಡೆ. ಆ ಮನೆಯ ಒಳಗಡೆದು ಅಂತ ನಮ್ಮ ಹತ್ತಿರ ಇದ್ದ ಹಳೇ ಫೋಟೋ ಅದೊಂದೇ, ಅದೂ ನಮ್ಮ ವಿರುದ್ಧವೇ ಸಾಕ್ಷಿ ಹೇಳಿತು. ಆದರೆ ವಿಚಿತ್ರ ನೋಡಿ, ನಾನು ಒಪ್ಪಿಕೊಂಡ ತಕ್ಷಣ ಅಂಕಲ್ ದನಿಯೇ ಬದಲಾಯಿತು. ಪೂರ್ತಿ ಕಟ್ಟೆ ಯಾಕೆ ಬದಲಾಯಿಸಬೇಕು, ಗ್ರಾನೈಟ್‌ನವನನ್ನು ಕರೆಸಿ ಕೇಳೋಣ ಅಂದೆ, ಹೂಂ ಅಂದರು. ಅವನು ಬಂದು ಟೇಪ್ ಹಿಡಿದು, ಸಿಂಕಿಂದ ಮೂಲೆವರೆಗಿನ ತುಂಡು ಮಾತ್ರ ಕತ್ತರಿಸಿ ಹಾಕ್ತೀನಿ, ಕೂಲಿ ಸೇರಿ 6,500 ಅಂದ. 15,000 ಇದ್ದಿದ್ದು 6,500 ಆಯಿತು.

ಗೀಸರ್ ಹೊಡೆದುಹೋಗಿದ್ದು ನಿಜ. ಆದರೆ ಅದರ ಪಕ್ಕೆಯಲ್ಲಿ ಸ್ಟಿಕ್ಕರ್ ಇತ್ತು, ತಯಾರಾಗಿದ್ದು 2013. ಹತ್ತು ವರ್ಷ ಗಡಸು ನೀರು ಕುಡಿದ ಗೀಸರ್‌ಗೆ ಹೊಸದರ ರೇಟ್ ಕೇಳುವುದು ಹೇಗೆ? ಹಳೇ ಸಾಮಾನು ಹಾಳಾದರೆ ಅದರ ಉಳಿದ ಆಯಸ್ಸಿನ ಬೆಲೆ ಕೊಡಬಹುದು, ಹೊಸ ಜನ್ಮದ ಬೆಲೆ ಅಲ್ಲ. ಎಲೆಕ್ಟ್ರಿಷಿಯನ್ ಕಾಯಿಲ್, ಥರ್ಮೋಸ್ಟಾಟ್ ಬದಲಾಯಿಸಿ 1,400 ತಗೊಂಡ. ಅದು ನನ್ನ ಲೆಕ್ಕಕ್ಕೇ ಇರಲಿ ಅಂದೆ.

ಬಾಗಿಲಿನದು ಸುಲಭವಾಗಿ ಮುಗಿಯಿತು. ಆ ಮನೆಗೆ ಹೋದ ಎರಡನೇ ತಿಂಗಳೇ ಅಂಕಲ್‌ಗೆ ವಾಟ್ಸಾಪ್ ಮಾಡಿದ್ದೆ, "ಅಂಕಲ್, ಬಾತ್‌ರೂಮ್ ಬಾಗಿಲು ಕೆಳಗಡೆ ಉಬ್ಬಿದೆ, ಹಾಕಿಕೊಳ್ಳೋಕೆ ಆಗ್ತಿಲ್ಲ." ಅವರ ಉತ್ತರ: "ಸರಿ ನೋಡೋಣ." ಆ ನೋಡೋಣ ನಾಲ್ಕು ವರ್ಷ ಆದರೂ ಬಂದಿರಲಿಲ್ಲ. ಮೆಸೇಜ್ ತೋರಿಸಿದೆ. ಆಂಟಿಯೇ, "ಅಯ್ಯೋ ಅದು ಮೊದಲಿಂದ ಹಾಗೇ ಇತ್ತು ಬಿಡ್ರಿ" ಅಂದುಬಿಟ್ಟರು. ಕ್ಲೀನಿಂಗ್ ಬಿಟ್ಟರು. ಕೊನೆಗೆ ಪೇಂಟಿಂಗ್, ಗ್ರಾನೈಟ್, ಗೀಸರ್ ಸೇರಿ 29,900 ಮುರಿದುಕೊಂಡು 1,20,100 ಕೈಗೆ ಬಂತು.

ಎಲ್ಲರಿಗೂ ಹೀಗೆ ಆಗಲ್ಲ, ಗೊತ್ತು. ನನ್ನ ಫ್ರೆಂಡ್ ಒಬ್ಬನಿಗೆ ಓನರ್, ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ಕೊಡ್ತೀನಿ ಅಂತ ಐದು ತಿಂಗಳು ಓಡಾಡಿಸಿದರು. ಅಸಲಿ ರೋಗ ಅದೇ ಅನ್ನೋದು ನನ್ನ ಅನಿಸಿಕೆ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಅಂತ ತಗೊಳ್ಳುವುದು, ಅದು ಮಗಳ ಮದುವೆಗೋ ಮೂರನೇ ಮಹಡಿಗೋ ಖರ್ಚಾಗಿ ಹೋಗಿರುವುದು, ವಾಪಸ್ ಕೊಡುವ ಹೊತ್ತಿಗೆ ದುಡ್ಡೇ ಇಲ್ಲ. ಆಗ ಉಬ್ಬಿದ ಬಾಗಿಲು ನೆವ ಆಗುತ್ತೆ. ಇದಕ್ಕೆ ಬಾಡಿಗೆಯವರು ಕಂಡುಕೊಂಡ ಮದ್ದು, ಕೊನೇ ಮೂರು ತಿಂಗಳು ಬಾಡಿಗೆ ಕೊಡದೆ "ಅಡ್ವಾನ್ಸಲ್ಲಿ ಮುರ್ಕೊಳ್ಳಿ" ಅನ್ನೋದು. ಬೇಜಾರಿನ ಕೆಲಸ, ಆದರೆ ಯಾಕೆ ಮಾಡುತ್ತಾರೆ ಅಂತ ಅರ್ಥ ಆಗುತ್ತೆ.

2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿ ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ದಾಟಬಾರದು ಅಂತ ಅದರಲ್ಲಿದೆ. ಯಾವ ರಿಪೇರಿ ಯಾರದು ಅಂತ ಪಟ್ಟಿಯೂ ಇದೆ. ಗೋಡೆಗೆ ಸುಣ್ಣಬಣ್ಣ, ಪೈಪ್ ಬದಲಾಯಿಸುವುದು, ವೈರಿಂಗ್ ಓನರ್‌ದು. ನಲ್ಲಿ ವಾಷರ್, ಸ್ವಿಚ್ಚು, ಗೀಸರ್ ರಿಪೇರಿ, ಕಿಟಕಿ ಗಾಜು ಬಾಡಿಗೆಯವರದು. ರಾಜ್ಯ ತನ್ನದೇ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ. ಆದರೂ ಅಗ್ರಿಮೆಂಟ್ ಬರೆಸುವಾಗ ಆ ಪಟ್ಟಿಯನ್ನೇ ಇಳಿಸಿಕೊಳ್ಳೋಕೆ ಯಾರ ಅಪ್ಪಣೆಯೂ ಬೇಡ.

ಮಾತಲ್ಲಿ ಬಗೆಹರಿಯದಿದ್ದರೆ? ಸ್ಟೇಷನ್ನಿಗೆ ಹೋದರೆ ಸಿವಿಲ್ ಮ್ಯಾಟರ್ ಅಂತ ಕಳಿಸುತ್ತಾರೆ. ದಾವೆ ಹಾಕಬಹುದು, ಮೂರು ವರ್ಷದ ಒಳಗೆ. ಆದರೆ 40,000ಕ್ಕೆ ವಕೀಲರ ಫೀಸು, ಅಲೆದಾಟ ಲೆಕ್ಕ ಹಾಕಿ ನೋಡಿ. ಅದಕ್ಕಿಂತ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟು ಲೋಕ ಅದಾಲತ್ ಮುಂದೆ ಕೂರುವುದು ವಾಸಿ. ಕೇಸ್ ಹಾಕುವ ಮುಂಚೆಯೇ ಹೋಗಬಹುದು, ಕೋರ್ಟ್ ಫೀ ಇಲ್ಲ. ಅಲ್ಲಿ ರಾಜಿ ಆಗಿ ಬರೆದುಕೊಂಡರೆ ಕೋರ್ಟ್ ಡಿಕ್ರಿಗೆ ಇರುವ ಬೆಲೆಯೇ ಅದಕ್ಕೂ, ಮೇಲ್ಮನವಿ ಇಲ್ಲ. ಎದುರಿನವರು ಒಪ್ಪದಿದ್ದರೆ ಮಾತ್ರ ಆಗಲ್ಲ. 15100ಕ್ಕೆ ಫೋನ್ ಮಾಡಿ ಕೇಳಬಹುದು.

ಹಾಸನದ ಕಥೆ ಅರ್ಧಕ್ಕೆ ಬಿಟ್ಟೆ. ಅಪ್ಪ 40,000ದಿಂದ 11,000ಕ್ಕೆ ಇಳಿದರು, ಎಸಿ ತೂತು ಮತ್ತು ಒಡೆದ ಕಮೋಡಿಗೆ. ಬೆಡ್‌ರೂಮ್ ಗೋಡೆ ತೇವಕ್ಕೆ ಹಪ್ಪಳ ಎದ್ದಿತ್ತು, ಅಪ್ಪ ಅದನ್ನೂ ಬಾಡಿಗೆಯವರ ಲೆಕ್ಕಕ್ಕೆ ಬರೆದಿದ್ದರು. ಆದರೆ ತಾರಸಿ ಸೋರುತ್ತೆ ಅಂತ ಆ ಬಾಡಿಗೆಯವರು ಮೂರು ಮಳೆಗಾಲ ಹೇಳಿದ್ದರು. ಅಮ್ಮನಿಗೆ ಚೆನ್ನಾಗಿ ನೆನಪಿತ್ತು. ಅದೇ 108ನೇ ಕಲಂ ಪ್ರಕಾರ, ಓನರ್ ಮಾಡಬೇಕಾದ ರಿಪೇರಿಯನ್ನು ಹೇಳಿದ ಮೇಲೂ ಮಾಡದಿದ್ದರೆ ಬಾಡಿಗೆಯವರೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಅಂದೆ. ಅಪ್ಪ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಈಗಿನ ಮನೆಗೆ ಹೋಗುವ ಮುಂಚೆ, ಸಾಮಾನು ಇಳಿಸುವ ಮೊದಲೇ, ಓನರ್ ಆಂಟಿ ಜೊತೆ ಪ್ರತಿ ರೂಮಿಗೂ ಹೋಗಿ ವಿಡಿಯೋ ಮಾಡಿದೆ. ನಲ್ಲಿ ಬಿಟ್ಟು, ಸ್ವಿಚ್ ಹಾಕಿ, ಬಾಗಿಲು ತೆಗೆದು ಹಾಕಿ, ಕಮೋಡ್ ಫ್ಲಶ್ ಮಾಡಿ, ಅರ್ಧ ಗಂಟೆ. ಒಂದು ಹಾಳೆಯಲ್ಲಿ ಇರುವ ದೋಷ ಎಲ್ಲ ಬರೆದೆ, ಮೀಟರ್ ರೀಡಿಂಗ್ ಸಮೇತ. ಅವರಿಗೆ ಬೇಜಾರಾಗುತ್ತೇನೋ ಅಂತ ಅಳುಕು ಇತ್ತು. ಆಂಟಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಪೆನ್ ಕೇಳಿದರು. ಕೆಳಗೆ ತಮ್ಮದೇ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿ ಸಹಿ ಹಾಕಿದರು: "ಬಾಲ್ಕನಿ ಚಿಲಕ ಮಳೆಗಾಲದಲ್ಲಿ ಬಿಗಿ ಆಗುತ್ತೆ, ಎಣ್ಣೆ ಬಿಟ್ಟುಕೊಳ್ಳಿ."