ರಾಜಕೀಯವಿಲ್ಲದ ಫುಟ್‌ಬಾಲ್ ಯಾವಾಗ ಇತ್ತು?

‘ರಾಜಕೀಯ ದೂರವಿದ್ದರೆ ಮೈದಾನದ ಜನಾಂಗೀಯ ದ್ವೇಷ ತಾನಾಗಿ ಕರಗುತ್ತದೆ’ ಎಂದು ಫುಟ್‌ಬಾಲ್ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿದ ಮಾತನ್ನು ಒಪ್ಪಲಾರೆ. ವರ್ಣಭೇದದ ದಕ್ಷಿಣ ಆಫ್ರಿಕಾವನ್ನು ಫುಟ್‌ಬಾಲ್‌ನ ಜಾಗತಿಕ ಸಂಸ್ಥೆ ಫಿಫಾ 1961ರಲ್ಲಿ ಅಮಾನತು ಮಾಡಿತ್ತು. 1963ರಲ್ಲಿ ಅದನ್ನು ತೆರವುಗೊಳಿಸಿದ ಅಧ್ಯಕ್ಷ ಸ್ಟ್ಯಾನ್ಲಿ ರೌಸ್ ಅವರ ವಾದವೂ ಇದೇ ಆಗಿತ್ತು: ಆಟದಲ್ಲಿ ರಾಜಕೀಯ ಬೇಡ. ಮರುವರ್ಷ ಅಮಾನತು ಮರಳಿ ಬಂದದ್ದು ಆಗಷ್ಟೇ ಸ್ವತಂತ್ರವಾಗಿದ್ದ ಆಫ್ರಿಕಾದ ದೇಶಗಳು ಒಟ್ಟಾಗಿ ಮತ ಹಾಕಿದ್ದರಿಂದ. ಅದು ರಾಜಕೀಯವಲ್ಲದೆ ಮತ್ತೇನು?

ಫಿಫಾದ ಚುರುಕು ಎಲ್ಲಿ ಎಂಬುದನ್ನೂ ನೋಡಿ. ಹೊರಗಿನವರ ಹಸ್ತಕ್ಷೇಪವೆಂದು 2022ರ ಆಗಸ್ಟ್‌ನಲ್ಲಿ ಭಾರತದ ಫುಟ್‌ಬಾಲ್ ಒಕ್ಕೂಟವನ್ನೇ ಅಮಾನತಿನಲ್ಲಿಟ್ಟಿತು. (ಆ ವರ್ಷದ ಮೇ ತಿಂಗಳವರೆಗೆ ವರ್ಷಗಟ್ಟಲೆ ಒಕ್ಕೂಟದ ಅಧ್ಯಕ್ಷರಾಗಿದ್ದವರೂ ರಾಜಕಾರಣಿಯೇ, ಅದು ಹಸ್ತಕ್ಷೇಪವೆನಿಸಲಿಲ್ಲ!) ಅದೇ ಫಿಫಾ ತನ್ನ ಜನಾಂಗೀಯತೆ ವಿರೋಧಿ ಕಾರ್ಯಪಡೆಯನ್ನು ಕೆಲಸ ಮುಗಿಯಿತೆಂದು 2016ರಲ್ಲಿ ವಿಸರ್ಜಿಸಿತ್ತು. ವಲೆನ್ಸಿಯಾದಲ್ಲಿ ಬ್ರೆಜಿಲ್‌ನ ಕಪ್ಪು ವರ್ಣದ ಆಟಗಾರ ವಿನಿಸಿಯಸ್‌ನನ್ನು ಬಣ್ಣ ಹಿಡಿದು ನಿಂದಿಸಿದ ಮೂವರಿಗೆ 2024ರಲ್ಲಿ 8 ತಿಂಗಳ ಶಿಕ್ಷೆ ವಿಧಿಸಿದ್ದು ಸ್ಪೇನಿನ ನ್ಯಾಯಾಲಯ, ಫಿಫಾ ಅಲ್ಲ.

ಕಾರವಾರದವನಾಗಿ ಇನ್ನೊಂದು ಮಾತು. ಯುರೋಪಿನ ಗ್ಯಾಲರಿಯನ್ನು ಬೈಯುವುದು ಸುಲಭ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹುಡುಗರು ಇಲ್ಲಿ ಆಡಲು ಬಂದಾಗ ಅವರ ಬಣ್ಣ, ಕೂದಲನ್ನು ಹಿಡಿದು ಕೂಗುವವರು ನಮ್ಮವರೇ. ಅವರ ಪೂರ್ವಜರು ಆಫ್ರಿಕಾದಿಂದ ಈ ನೆಲಕ್ಕೆ ಬಂದು ಶತಮಾನಗಳೇ ಕಳೆದಿವೆ. ಅಂಥ ಕೂಗಿಗೆ ಯಾವ ರೆಫರಿಯೂ ಸೀಟಿ ಊದಿದ್ದನ್ನು ನಾನು ಕಂಡಿಲ್ಲ. ಜಿಲ್ಲೆಯ ಪಂದ್ಯಾವಳಿಗಳ ನಿಯಮಗಳಲ್ಲಿ ಅದಕ್ಕೊಂದು ಕಲಮು ಇದೆಯೇ? ಆಯೋಜಕರು ಯಾರಾದರೂ ಓದುತ್ತಿದ್ದರೆ ಇಲ್ಲೇ ಉತ್ತರಿಸಲಿ.